ಗಂಡ ಹೆಂಡತಿ ಸೇರಿ ಸಮುದಾಯಕ್ಕೆ ಕೊಡುವುದು: ಯಹೂದಿಗಳನ್ನು ಹತ್ತಿರದಿಂದ ಕಂಡವರು ಹೇಳಿ

ಪ್ರಶ್ನೆ: ಲಂಡನ್‌ನಲ್ಲಿದ್ದೇವೆ. ನಾನೂ ಯಜಮಾನರೂ ರಿಟೈರ್ ಆದೆವು, ಮಕ್ಕಳಿಲ್ಲ. ಇಲ್ಲಿನ ಕನ್ನಡದವರಿಗಾಗಿ ಸಮಯ, ಹಣ ಎರಡನ್ನೂ ಕೊಡುವ ಆಸೆ. ಒಂದು ಚೆಕ್ ಬರೆದು ಸುಮ್ಮನಾಗಲು ಇಷ್ಟವಿಲ್ಲ. ಯಹೂದಿ ದಂಪತಿಗಳು ಇದನ್ನು ಜೀವನವಿಡೀ ಮಾಡುತ್ತಾರಂತೆ. ಹೇಗೆ?

ಗೋಲ್ಡರ್ಸ್ ಗ್ರೀನ್‌ನಿಂದ: ನಮ್ಮ ಪಕ್ಕದ ಮನೆಯ ಅಜ್ಜ ಅಜ್ಜಿ ಅಂಥವರೇ. ಅಜ್ಜಿ ‘ಹೆವ್ರಾ ಕಡಿಶಾ’ ಎಂಬ ಅಂತ್ಯಸಂಸ್ಕಾರದ ಸೇವಾ ತಂಡದಲ್ಲಿದ್ದರು. ಹೆಂಗಸರು ಯಾರಾದರೂ ತೀರಿಕೊಂಡರೆ ಹೋಗಿ ಮೈ ತೊಳೆದು ಬಿಳಿ ಬಟ್ಟೆ ಉಡಿಸಿ ಬರುವ ಕೆಲಸ. ಗಂಡಸರಿಗೆ ಗಂಡಸರ ತಂಡ. ಸತ್ತವರು ಋಣ ತೀರಿಸಲಾರರು, ಆದ್ದರಿಂದ ಅದೇ ನಿಜವಾದ ಉಪಕಾರ ಅಂತ ಅವರ ಲೆಕ್ಕ. ಅಜ್ಜ ಗ್ಯಾರೇಜಿನಲ್ಲಿ ‘ಗೆಮಾಖ್’ ನಡೆಸುತ್ತಿದ್ದರು. ಮಡಚುವ ಕುರ್ಚಿ, ಮೇಜು, ತೊಟ್ಟಿಲು, ಬೇಕಾದವರು ಒಯ್ದು ಬಳಸಿ ತಂದಿಡಬೇಕು. ಬಾಡಿಗೆ ಇಲ್ಲ. ಬಡ್ಡಿಯಿಲ್ಲದ ಸಾಲ ಕೊಡುವ ಗೆಮಾಖ್‌ಗಳೂ ಇವೆ. ಆದಾಯದ ಹತ್ತರಲ್ಲೊಂದು ಪಾಲು ದಾನಕ್ಕೆ ತೆಗೆದಿಡುವ ರೂಢಿ ಹಳೆಯದು. ಆದರೆ ಬೀದಿಯ ಜನಕ್ಕೆ ಅವರ ಪರಿಚಯವಾದದ್ದು ಆ ಗ್ಯಾರೇಜಿನಿಂದ.

ಕೆಂಟ್‌ನಿಂದ: ಒಮ್ಮೆ ರಾಮ್ಸ್‌ಗೇಟ್‌ಗೆ ಬನ್ನಿ. ಮೋಸೆಸ್ ಮತ್ತು ಜುಡಿತ್ ಮಾಂಟೆಫಿಯೋರೆ ಎಂಬ ಯಹೂದಿ ದಂಪತಿಯ ಸಮಾಧಿ ಇಲ್ಲಿದೆ, ಪಕ್ಕದಲ್ಲೇ 1833ರಲ್ಲಿ ಅವರು ಕಟ್ಟಿಸಿದ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ). 1812ರಲ್ಲಿ ಮದುವೆ. ಅವರಿಗೂ ಮಕ್ಕಳಿರಲಿಲ್ಲ. ನಲವತ್ತರ ಆಸುಪಾಸಿನಲ್ಲೇ ಆತ ವ್ಯಾಪಾರದಿಂದ ಹಿಂದೆ ಸರಿದು ಪೂರ್ತಿ ಸಮುದಾಯದ ಕೆಲಸಕ್ಕೇ ನಿಂತರು. ಏಳು ಸಲ ಜೆರುಸಲೇಮಿನ ಕಡೆ ಹೋದರು. ಜುಡಿತ್ ಬರೀ ಜೊತೆಗಾತಿ ಆಗಿರಲಿಲ್ಲ, ಪ್ರಯಾಣದ ದಿನಚರಿಯನ್ನೂ ಬರೆದಿಟ್ಟವರು.

ನಿಮಗೆ ಬೇಕಾದ ಪಾಠ ಮಾತ್ರ ಜೆರುಸಲೇಮಿನಲ್ಲಿದೆ. 1857ರಲ್ಲಿ ಕೋಟೆಗೋಡೆಯ ಹೊರಗೆ ಗಾಳಿಗಿರಣಿ ಕಟ್ಟಿಸಿದರು. 1860ರಲ್ಲಿ ಬಡವರಿಗೆ ಮನೆಗಳು. ಅದಕ್ಕೆ ಹಣ ಅಮೆರಿಕದ ಯಹೂದಿ ವ್ಯಾಪಾರಿ ಜೂಡಾ ಟೂರೋ ಉಯಿಲಿನಿಂದ ಬಂತು. ಆದರೆ ಗೋಡೆಯ ಹೊರಗೆ ಕಳ್ಳಕಾಕರ ಭಯ. ಹಗಲೆಲ್ಲ ಇದ್ದು ರಾತ್ರಿ ಹಳೇ ಊರಿಗೇ ಹೋಗಿ ಮಲಗುವವರಿದ್ದರು. ಹಬೆಯ ಗಿರಣಿ ಬಂದ ಮೇಲೆ ಗಾಳಿಗಿರಣಿಯನ್ನು ಕೇಳುವವರಿಲ್ಲ. ಕಟ್ಟಡಕ್ಕೆ ಕೈ ಹಾಕುವ ಮುಂಚೆ, ಅಲ್ಲಿಗೆ ಯಾರು ಬರ್ತಾರೆ ಅಂತ ನಾಲ್ಕು ಜನರನ್ನು ಕೇಳಿ ನೋಡಿ. ಸಮುದಾಯ ಭವನ ಅಂದರೆ ನಮ್ಮವರಿಗೆ ಹುಚ್ಚು ಜಾಸ್ತಿ.

ಠಾಣೆಯಿಂದ: ನಮ್ಮ ಕಟ್ಟಡದಲ್ಲಿ ಬೆನೆ ಇಸ್ರೇಲಿ, ಅಂದರೆ ಮಹಾರಾಷ್ಟ್ರದ ಕಡೆಯ ಯಹೂದಿ, ದಂಪತಿ ಇದ್ದರು. ಮನೆಮಾತು ಮರಾಠಿ. 1948ರ ನಂತರ ಅವರ ಬಹಳ ಜನ ಇಸ್ರೇಲಿಗೆ ಹೋದರು, ಉಳಿದವರು ಕಡಿಮೆ. ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರು ಬೇಕು. “ನಾನು ಹೋಗದಿದ್ರೆ ಒಂಬತ್ತೇ ಆಗ್ತಾರೆ” ಅಂತ ಅಂಕಲ್ ಮಳೆಯಲ್ಲೂ ಹೊರಡುತ್ತಿದ್ದರು. ಆಂಟಿ ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಮಲಿದಾ ಮಾಡಿ, ಅವಲಕ್ಕಿ, ಕಾಯಿತುರಿ, ಸಕ್ಕರೆ, ಹಣ್ಣು ಎಲ್ಲ ಕಲಸಿ ಹಂಚುತ್ತಿದ್ದರು. ನಮ್ಮ ಸಂಘಗಳಲ್ಲಿ ಭಾಷಣಕ್ಕೆ ಜನ ಸಿಗ್ತಾರೆ, ಕೊನೆಗೆ ಕುರ್ಚಿ ಎತ್ತಿಡೋಕೆ ಸಿಗಲ್ಲ, ಅಲ್ವಾ? ನೀವು ಅಲ್ಲಿಂದ ಶುರು ಮಾಡಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಕುರ್ಚಿಯ ಗೆಮಾಖ್ ಇವರಿಗೆ ತುಂಬಾ ಹಿಡಿಸಿತು. ಜೊತೆಗೊಂದು ಸಣ್ಣ ಸಾಲದ ನಿಧಿ ಇಟ್ಟು ಲೆಕ್ಕ ನಾವಿಬ್ಬರೇ ನೋಡಿಕೊಂಡರೆ ಸಾಕಲ್ವಾ?

ಗೋಲ್ಡರ್ಸ್ ಗ್ರೀನ್‌ನಿಂದ: ಬೇಡಿ ಮೇಡಂ. ಯಹೂದಿಗಳ ಧರ್ಮಗ್ರಂಥ ತಾಲ್ಮುದ್‌ನಲ್ಲೇ ನಿಯಮವಿದೆ: ದಾನದ ಹಣ ಎತ್ತಲು ಕನಿಷ್ಠ ಇಬ್ಬರು, ಹಂಚಲು ಮೂವರು. ಗಂಡ ಹೆಂಡತಿಯನ್ನು ಜನ ಒಬ್ಬರೆಂದೇ ಎಣಿಸುತ್ತಾರೆ. ಹೊರಗಿನ ಇಬ್ಬರನ್ನಾದರೂ ಸೇರಿಸಿಕೊಳ್ಳಿ. ಕುರ್ಚಿಗೆ ಅಷ್ಟೆಲ್ಲ ಬೇಕಿಲ್ಲ, ನಾಳೆಯೇ ಶುರು ಮಾಡಬಹುದು.