ಅಪ್‌ಡೇಟ್: ಯುಕುಲೇಲೆಯ ಡಿಮಿನಿಶ್ಡ್ ಕಾರ್ಡ್ ಕೊನೆಗೂ ಸ್ಪಷ್ಟವಾಗಿ ನುಡಿಯಿತು

ಜಿ-ಸಿ-ಇ-ಎ ಶ್ರುತಿಯ ಯುಕುಲೇಲೆಯಲ್ಲಿ (ಗಿಟಾರ್ ಹೋಲುವ, ನಾಲ್ಕು ತಂತಿಗಳ ಪುಟ್ಟ ವಾದ್ಯ) ಸಿ ಡಿಮಿನಿಶ್ಡ್ ಸೆವೆಂತ್ ಕಾರ್ಡ್ (ಒಟ್ಟಿಗೆ ನುಡಿಸುವ ನಾಲ್ಕು ಸ್ವರಗಳ ಗುಂಪು) ಹಿಡಿದಾಗ ಇ ತಂತಿ ಮಾತ್ರ ಏಕೆ ಮಂಕಾಗಿ ನುಡಿಯುತ್ತದೆ ಎಂಬ ಪ್ರಶ್ನೆಯನ್ನು ಈಚೆಗೆ ಕೇಳಿದ್ದೆ. ನನಗೆ ಚಿಕ್ಕಮಗಳೂರಿನಲ್ಲಿ ಗಿಟಾರ್ ಕಲಿಸುವವರು ಸಿಕ್ಕರೇ ಹೊರತು ಯುಕುಲೇಲೆ ಬಲ್ಲವರು ಸಿಗಲಿಲ್ಲವಾದ್ದರಿಂದ, ಉತ್ತರಿಸಿದ ಎಲ್ಲರಿಗೂ ಋಣಿಯಾಗಿದ್ದೇನೆ.

ಫಲ ಕೊಟ್ಟಿದ್ದು ಹಾಸನದವರೊಬ್ಬರ ಸಲಹೆ. ನಾಲ್ಕು ಬೆರಳುಗಳನ್ನು ಬಿಡಿಬಿಡಿಯಾಗಿ ಇಡುವ ಬದಲು, ತೋರುಬೆರಳನ್ನು ಎರಡನೆಯ ಫ್ರೆಟ್ಟಿನಲ್ಲಿ (ವಾದ್ಯದ ಕತ್ತಿನ ಮೇಲಿನ ಅಡ್ಡಪಟ್ಟಿಗಳ ನಡುವಿನ ಮನೆ) ಎಲ್ಲ ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ, ಮೂರನೆಯ ಫ್ರೆಟ್ಟಿನಲ್ಲಿ ಸಿ ತಂತಿಗೆ ನಡುಬೆರಳನ್ನೂ ಎ ತಂತಿಗೆ ಉಂಗುರಬೆರಳನ್ನೂ ಇಡಬೇಕು. ನಡುಬೆರಳು ಇ ತಂತಿಗೆ ತಾಗದಂತೆ ಅದರ ತುದಿಗೆಣ್ಣು ಚೆನ್ನಾಗಿ ಬಾಗಿರಬೇಕು. ಇನ್ನೂ ಬಲವಾಗಿ ಒತ್ತಬೇಕೆಂಬ ಸಲಹೆಯಿಂದ ಬೆರಳು ನೊಂದು, ಶ್ರುತಿಯೂ ತುಸು ಏರಿತು. ತಂತಿ ಬದಲಿಸಿದ್ದರಿಂದಲೂ ಪ್ರಯೋಜನವಾಗಲಿಲ್ಲ.

ಅಚ್ಚರಿಯೆಂದರೆ, ಈ ಹಿಡಿತವನ್ನು ಮೂರು ಫ್ರೆಟ್ ಮುಂದಕ್ಕೆ ಜರುಗಿಸಿದರೆ ಸಿ, ಇ ಫ್ಲಾಟ್, ಜಿ ಫ್ಲಾಟ್, ಎ ಎಂಬ ಅದೇ ಸ್ವರಗಳು ತಂತಿ ಬದಲಿಸಿಕೊಂಡು ಬರುತ್ತವೆ. ಅವುಗಳ ನಡುವೆ ಸಮನಾಗಿ ಮೂರು ಮೂರು ಅರ್ಧಸ್ವರಗಳ (ಒಂದು ಅರ್ಧಸ್ವರವೆಂದರೆ ಒಂದು ಫ್ರೆಟ್) ಅಂತರವಿರುವುದೇ ಇದಕ್ಕೆ ಕಾರಣ. ಆದ್ದರಿಂದ ಈ ಬಗೆಯ ಕಾರ್ಡ್‌ಗಳಿಗೆ 12 ಹೆಸರುಗಳಿದ್ದರೂ ಕಲಿಯಬೇಕಾದ ಸ್ಥಾನಗಳು ಮೂರೇ. ಅವುಗಳಲ್ಲಿ 0101 (ಕ್ರಮವಾಗಿ ಜಿ, ಸಿ, ಇ, ಎ ತಂತಿಗಳ ಫ್ರೆಟ್ ಸಂಖ್ಯೆ; 0 ಎಂದರೆ ಬೆರಳಿಡದ ತಂತಿ) ಹಿಡಿತಕ್ಕೆ ಎರಡೇ ಬೆರಳು ಸಾಕಾಗುವುದರಿಂದ, ಹೊಸಬರು ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು.