ಮಳೆಗಾಲಕ್ಕೆ ಟೈರ್ ಗಾಳಿ ಇಳಿಸಬೇಕಾ?

ಪ್ರಶ್ನೆ – ಸುರತ್ಕಲ್‌ನಿಂದ

ಎಲ್ಲರಿಗೂ ನಮಸ್ಕಾರ. ನಾನು ದಿನಾ ಸುರತ್ಕಲ್‌ನಿಂದ ಉಡುಪಿಗೆ ಕಾರಿನಲ್ಲಿ ಕೆಲಸಕ್ಕೆ ಹೋಗಿ ಬರುವವಳು. ಜೂನ್ ಶುರುವಿನಲ್ಲಿ ಸಂಜೆ ಮನೆಗೆ ಬರುವಾಗ ದಾರಿಯ ಪಂಕ್ಚರ್ ಅಂಗಡಿಯಲ್ಲಿ ಗಾಳಿ ನೋಡಿಸಿದೆ. "ಮಳೆಗಾಲ ಅಲ್ವಾ, ಸ್ವಲ್ಪ ಕಡಿಮೆ ಇರಲಿ, ಗ್ರಿಪ್ ಸಿಗ್ತದೆ" ಅಂತ 33 ಇದ್ದದ್ದನ್ನು 30ಕ್ಕೆ ಇಳಿಸಿದರು. ಮೊನ್ನೆ ಪಡುಬಿದ್ರಿ ದಾಟಿದ ಮೇಲೆ ಹೆದ್ದಾರಿಯಲ್ಲಿ ನಿಂತ ನೀರಿಗೆ ಕಾರು ಇಳಿದದ್ದೇ, ಸ್ಟೇರಿಂಗ್ ಒಮ್ಮೆಲೇ ಹಗುರವಾಯಿತು. ಎಷ್ಟು ತಿರುಗಿಸಿದರೂ ಕಾರು ನೇರ ಹೋಗುತ್ತಿತ್ತು. ಸ್ಪೀಡ್ 80 ಇತ್ತು. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು. ಈಗಲೂ ನೆನಪಾದರೆ ಕೈ ನಡುಗುತ್ತದೆ.

ಬರುವ ಭಾನುವಾರ ಆಗುಂಬೆ ದಾರಿಯಲ್ಲಿ ತೀರ್ಥಹಳ್ಳಿಗೆ ಹೋಗಲಿಕ್ಕುಂಟು. ಐದು ಜನ, ಡಿಕ್ಕಿ ತುಂಬ ಸಾಮಾನು. ಗಾಳಿ ಇನ್ನೂ ಇಳಿಸಬೇಕಾ, ಏರಿಸಬೇಕಾ?

ಉತ್ತರ – ಮೂಡುಬಿದಿರೆಯಿಂದ

ನಾನೂ ಕಡಿಮೆಯೇ ಇಡುತ್ತೇನೆ ಅಕ್ಕ. ಒಮ್ಮೆ ಮಲ್ಪೆಯ ಮರಳಿನಲ್ಲಿ ಜೀಪು ಹೂತು ಹೋಗಿತ್ತು. ಗಾಳಿ 20ಕ್ಕೆ ಇಳಿಸಿದ ಮೇಲೆಯೇ ಎದ್ದು ಬಂತು. ಮಳೆಗೂ ಅದೇ ಸರಿ ಅಂದುಕೊಂಡಿದ್ದೇನೆ. ತಿಳಿದವರು ಹೇಳಿ.

ಉತ್ತರ – ಉಡುಪಿಯಿಂದ

ಅಕ್ಕ, ದಯವಿಟ್ಟು ಇಳಿಸಬೇಡಿ. ನಾನು 22 ವರ್ಷದಿಂದ ಉಡುಪಿ–ಬಜ್ಪೆ ವಿಮಾನ ನಿಲ್ದಾಣ ಅಂತ ಟ್ಯಾಕ್ಸಿ ಓಡಿಸುತ್ತಿದ್ದೇನೆ. ನಿಮ್ಮದೇ ಹೆದ್ದಾರಿ, ಅದೇ ನೀರು.

ಮರಳಿನ ಲೆಕ್ಕ ಬೇರೆ ಮಾರಾಯ್ರೇ. ಅಲ್ಲಿ ಟೈರ್ ಅಗಲಕ್ಕೆ ಹರಡಿದರೆ ಹೂತು ಹೋಗುವುದಿಲ್ಲ. ಡಾಮರು ರಸ್ತೆಯಲ್ಲಿ ಟೈರ್ ನೀರನ್ನು ಸೀಳಿಕೊಂಡು ನೆಲ ಮುಟ್ಟಬೇಕು. ಗಾಳಿ ಕಡಿಮೆಯಾದರೆ ಟೈರಿನ ಎರಡು ಅಂಚು ಒತ್ತಿ ಕೂರುತ್ತದೆ, ನಡುಭಾಗ ಒಳಗೆ ತಗ್ಗುತ್ತದೆ. ನೀರು ಹೊರಗೆ ಹೋಗುವ ಗೀರುಗಳೂ ಕಿರಿದಾಗುತ್ತವೆ. ದಾರಿ ಸಿಗದ ನೀರು ಟೈರಿನ ಅಡಿಯಲ್ಲೇ ಸೇರುತ್ತದೆ, ಕಾರು ಅದರ ಮೇಲೆ ತೇಲುತ್ತದೆ. ನಿಮಗೆ ಸ್ಟೇರಿಂಗ್ ಹಗುರವಾದದ್ದು ಹಾಗೆ. ಆ ಹೊತ್ತಿಗೆ ಬ್ರೇಕ್ ತುಳಿಯಬಾರದು, ಸ್ಟೇರಿಂಗ್ ತಿರುಗಿಸಲೂಬಾರದು. ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ.

ನನಗೆ ಹೆಚ್ಚು ಹೆದರಿಕೆ ಆದದ್ದು ಇನ್ನೊಂದು ವಿಷಯಕ್ಕೆ. ಉಡುಪಿಯಿಂದ ಬರುವಾಗ ನೋಡಿಸಿದೆ ಅಂದಿರಿ. ಅಷ್ಟು ಓಡಿದ ಟೈರ್ ಬಿಸಿ ಇರುತ್ತದೆ. ಬಿಸಿಗೆ 3–4 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ, ನಿಮ್ಮ 33, 30 ಅದೇ) ಜಾಸ್ತಿ ತೋರಿಸುತ್ತದೆ. ಅಂದರೆ ಅವರು ಇಟ್ಟ 30, ಬೆಳಿಗ್ಗೆ ತಣ್ಣಗಿರುವಾಗ 26 ಅಥವಾ 27. ಡ್ರೈವರ್ ಬಾಗಿಲು ತೆರೆದರೆ ಕಂಬದಲ್ಲಿ ಸ್ಟಿಕರ್ ಉಂಟು. ಅಲ್ಲಿ ಬರೆದದ್ದು ತಣ್ಣಗಿನ ಟೈರಿನ ಲೆಕ್ಕ. ಟೈರಿನ ಪಕ್ಕದಲ್ಲೇ ಕೆತ್ತಿದ ಅಂಕಿ ಗರಿಷ್ಠ ಮಿತಿ, ಅದನ್ನು ನೋಡಿ ತುಂಬಿಸಬೇಡಿ.

ನಮ್ಮ ಕರಾವಳಿಯಲ್ಲಿ ಹವೆಯಿಂದ ಆಗುವ ವ್ಯತ್ಯಾಸ ಸಣ್ಣದು. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ, ಜುಲೈ ಬೆಳಿಗ್ಗೆ 24. ಆ 10 ಡಿಗ್ರಿಗೆ ಒಂದೂವರೆಯಿಂದ 2 ಪಿಎಸ್‌ಐ ತಾನಾಗಿಯೇ ಇಳಿಯುತ್ತದೆ. ಮಳೆ ಹಿಡಿದಾಗ ಅಷ್ಟನ್ನು ತುಂಬಿಸಬೇಕು. ಜನ ಉಲ್ಟಾ ಮಾಡುತ್ತಾರೆ.

ಆಗುಂಬೆಗೆ ಸ್ಟಿಕರ್‌ನಲ್ಲಿ ತುಂಬಿದ ಗಾಡಿಗೆ ಅಂತ ಕೊಟ್ಟ ಅಂಕಿ ಹಿಡಿಯಿರಿ. ಘಾಟಿ ಹತ್ತಿದ ಮೇಲೆ ತಂಪಿಗೆ ಗಾಳಿ ಸ್ವಲ್ಪ ಇಳಿಯುತ್ತದೆ, ಎತ್ತರಕ್ಕೆ ಗಾಳಿ ನೋಡುವ ಮೀಟರ್ ಸ್ವಲ್ಪ ಏರಿಸಿ ತೋರಿಸುತ್ತದೆ. ಎರಡೂ ಸೇರಿ ಹೆಚ್ಚುಕಡಿಮೆ ಸರಿಹೋಗುತ್ತದೆ. ವಾಪಸ್ ಬರುವಾಗ ಆ 14 ತಿರುವನ್ನೂ ಎರಡನೇ ಗೇರಿನಲ್ಲಿ ಇಳಿಯಿರಿ. ಬ್ರೇಕ್ ತುಳಿದುಕೊಂಡೇ ಇಳಿದರೆ ಆ ಬಿಸಿ ಟೈರಿಗೂ ಹೋಗುತ್ತದೆ. ಘಾಟಿಯ ಬುಡದ ಸೋಮೇಶ್ವರದಲ್ಲಿ ಮೀಟರ್ ಜಾಸ್ತಿ ತೋರಿಸಿತು ಅಂತ ಗಾಳಿ ಬಿಡಬೇಡಿ.

ಸುರತ್ಕಲ್‌ನಿಂದ ಮತ್ತೆ

ತುಂಬಾ ಉಪಕಾರ ಅಣ್ಣ. ಇವತ್ತು ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಪಕ್ಕದ ಮನೆಯವರ ಮೀಟರ್ ತಂದು ನೋಡಿದೆ. ಮುಂದೆ 26 ಮತ್ತು 25, ಹಿಂದೆ ಎರಡೂ 27. ಸ್ಟಿಕರ್‌ನಲ್ಲಿ 33 ಉಂಟು, ತುಂಬಿದ ಗಾಡಿಗೆ ಹಿಂದೆ 36. ನೋಡಿ ಎದೆ ಧಸಕ್ ಅಂತು. ಆದರೆ ಬಂಕ್ ನಮ್ಮಲ್ಲಿಂದ 6 ಕಿಲೋಮೀಟರ್. ಅಲ್ಲಿಗೆ ಹೋಗುವಷ್ಟರಲ್ಲಿ ಟೈರ್ ಬಿಸಿಯಾಗುತ್ತದಲ್ವಾ?

ಉಡುಪಿಯಿಂದ

ಆಗುತ್ತದೆ. ಅದಕ್ಕೆ ಮನೆಯಲ್ಲೇ ಲೆಕ್ಕ ಬರೆದುಕೊಳ್ಳಿ. ಮುಂದೆ ಒಂದಕ್ಕೆ 7, ಇನ್ನೊಂದಕ್ಕೆ 8 ಬೇಕು. ಬಂಕಿನಲ್ಲಿ ಮೀಟರ್ 28 ತೋರಿಸಲಿ, 29 ತೋರಿಸಲಿ, ಅದರ ಮೇಲೆ ಅಷ್ಟೇ ಸೇರಿಸಲು ಹೇಳಿ. ಮರುದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿ.

ಗೀರಿನ ಒಳಗೆ ಅಡ್ಡಕ್ಕೆ ಸಣ್ಣ ಉಬ್ಬು ಇರುತ್ತದೆ, 1.6 ಮಿಲಿಮೀಟರ್ ಎತ್ತರ. ಟೈರ್ ಅಲ್ಲಿಯವರೆಗೆ ಸವೆದಿದ್ದರೆ ಗಾಳಿ ಸರಿ ಇದ್ದರೂ ತೇಲುತ್ತದೆ, ಹಾಗಿದ್ದರೆ ಭಾನುವಾರದ ಮೊದಲೇ ಬದಲಿಸಿ. ಸ್ಟೆಪ್ನಿಗೂ ಗಾಳಿ ಹಾಕಿಸಿ. ಘಾಟಿಯಲ್ಲಿ ಮಳೆ ಜೋರಾದರೆ ಸಹಾಯಕ್ಕೆ ಗಾಡಿ ನಿಲ್ಲಿಸುವವರು ಕಡಿಮೆ.