ಸೊಪ್ಪಿನ ಬೆಟ್ಟದಲ್ಲಿ ಬಿಲ: ಇದು ಆರ್ಮಡಿಲೊನಾ?

ತೋಟಿಗ, ಶಿರಸಿ
ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಹುತ್ತಗಳನ್ನು ಏನೋ ಬಗೆದು ಹಾಕಿದೆ, ತೋಟದ ಅಂಚಿಗೆ ದೊಡ್ಡ ಬಿಲವೂ ಇದೆ. ಮೈತುಂಬ ಚಿಪ್ಪಿನ ಪ್ರಾಣಿ, ಆರ್ಮಡಿಲೊ ಅಂತಾರೆ ಪಕ್ಕದವರು. ಅಡಿಕೆ ಸಸಿಗೆ ತೊಂದರೆಯಾ? ಬಿಲ ಮುಚ್ಚಬಹುದಾ?

ಕಾಡುದಾರಿ
ದಯವಿಟ್ಟು ಮುಚ್ಚಬೇಡಿ. ಆರ್ಮಡಿಲೊ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಅದರ ಕವಚದೊಳಗೆ ಮೂಳೆಯ ಫಲಕಗಳಿವೆ, ಬಾಯಲ್ಲಿ ಸಣ್ಣ ಹಲ್ಲುಗಳಿವೆ. ನಮ್ಮದು ಚಿಪ್ಪುಹಂದಿ. ಇದರ ಚಿಪ್ಪು ನಮ್ಮ ಉಗುರಿನಂತೆ ಕೆರಾಟಿನ್‌ನದು, ಹಲ್ಲೇ ಇಲ್ಲ. ಎರಡೂ ಹತ್ತಿರದ ನೆಂಟರಲ್ಲ, ಆದರೆ ಕೆಲಸ ಒಂದೇ ತರಹದ್ದು: ನೆಲ ಬಗೆದು ಹುಳ ತಿನ್ನುವುದು. ಬಗೆದಲ್ಲಿ ಮಣ್ಣು ಸಡಿಲವಾಗಿ ಮಳೆನೀರು ಇಳಿಯುತ್ತದೆ, ಬಿಟ್ಟುಹೋದ ಬಿಲ ಬೇರೆ ಪ್ರಾಣಿಗಳಿಗೆ ಮನೆ. ಚಿಪ್ಪುಹಂದಿ ತಿನ್ನುವುದು ಇರುವೆ, ಗೆದ್ದಲು, ಅವುಗಳ ಮೊಟ್ಟೆ. ಸಸಿ ಮುಟ್ಟುವುದಿಲ್ಲ.

ಹೆಗಡೆ_ಯಲ್ಲಾಪುರ
ಮೊದಲು ಮುಳ್ಳುಹಂದಿಯ ಬಿಲ ಅಲ್ಲವೆಂದು ನೋಡಿಕೊಳ್ಳಿ. ಬಿಲದ ಬಾಯಲ್ಲಿ ಉದುರಿದ ಮುಳ್ಳು, ಕಡಿದ ಮೂಳೆ ಇದ್ದರೆ, ಸಸಿಯ ಬುಡ ಕೊರೆದಿದ್ದರೆ ಅದರದ್ದೇ. ಚಿಪ್ಪುಹಂದಿ ಒಳಗಿದ್ದಾಗ ಬಿಲದ ಬಾಯಿ ಮಣ್ಣಿನಿಂದ ಮುಚ್ಚಿರುವುದುಂಟು. ಖಾಲಿ ಎಂದುಕೊಂಡು ಹೊಗೆ ಹಾಕಿದರೆ ಒಳಗೇ ಸಾಯುತ್ತದೆ. ಹೆಣ್ಣು ಸಾಮಾನ್ಯವಾಗಿ ಹೆರುವುದು ಒಂದೇ ಮರಿ, ನಷ್ಟ ತುಂಬಿಕೊಳ್ಳುವುದು ಕಷ್ಟ.

ಕಾಡುದಾರಿ
ಐಬೆಕ್ಸ್ ಬೇಲಿ (ಶಾಕ್ ಕೊಡುವ ತಂತಿ ಬೇಲಿ) ಇದ್ದರೆ ಕೆಳಗಿನ ತಂತಿ ಗಮನಿಸಿ. ಶಾಕ್ ಹೊಡೆದರೆ ಈ ಪ್ರಾಣಿ ಓಡುವುದಿಲ್ಲ, ತಂತಿಯ ಸುತ್ತಲೇ ಸುರುಳಿಯಾಗುತ್ತದೆ, ಮತ್ತೆ ಮತ್ತೆ ಶಾಕ್ ತಿನ್ನುತ್ತದೆ. ಆ ಒಂದು ಎಳೆಗೆ ಕರೆಂಟ್ ಬಿಡದಿದ್ದರೆ ಸಾಕು. ಸುರುಳಿಯಾಗಿದ್ದರೆ ಬಿಡಿಸಬೇಡಿ, ನಾಯಿ ಕಟ್ಟಿ, ದೂರ ನಿಲ್ಲಿ. ಚಿಪ್ಪುಹಂದಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ (ಅತಿ ಹೆಚ್ಚು ರಕ್ಷಣೆಯ ಪಟ್ಟಿ); ಚಿಪ್ಪು ಇಟ್ಟುಕೊಳ್ಳುವುದೂ ಅಪರಾಧ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.